ಶ್ರವಣಾಭ್ಯಾಸವೂ ಚಿತ್ತೈಕಾಗ್ರತೆಯೂ



ಚಾತುರ್ಮಾಸ್ಯದ ದಿನಗಳಲ್ಲಿ ನಮ್ಮ ಮಠ-ಮಂದಿರಗಳಲ್ಲಿ ಪ್ರವಚನಗಳು ನಿತ್ಯವೂ ನಡೆಯುತ್ತವೆ. ಹಿರಿಯರು ತಮ್ಮ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಶ್ರದ್ಧೆಯಿಂದ ಕರೆತರುತ್ತಾರೆ. ಮೊದಲ ಐದು ನಿಮಿಷ ಮಕ್ಕಳು ಸುಮ್ಮನೆ ಕುಳಿತಿರುತ್ತಾರೆ. ಆಮೇಲೆ ಒಬ್ಬನು ಕಂಬದ ಕೆತ್ತನೆಯನ್ನು ನೋಡುತ್ತಾನೆ, ಇನ್ನೊಬ್ಬಳು ಚಾಪೆಯ ಕಡ್ಡಿ ಕೀಳುತ್ತಾಳೆ, ಮತ್ತೊಬ್ಬನು ತೀರ್ಥಪ್ರಸಾದ ಯಾವಾಗ ಎಂದು ಕೇಳುತ್ತಾನೆ. “ಶಾಲೆಯಲ್ಲಿಯೂ ಇವರದು ಇದೇ ಸ್ಥಿತಿ, ಪಾಠದಲ್ಲಿ ಗಮನವೇ ಇಲ್ಲ. ಏನು ಮಾಡೋಣ?” ಎಂದು ತಂದೆತಾಯಿಗಳು ನಮ್ಮನ್ನು ಪದೇ ಪದೇ ಕೇಳುತ್ತಾರೆ. ಶ್ರವಣವೆಂಬುದು ಅಭ್ಯಾಸದಿಂದ ಬರತಕ್ಕ ವಿದ್ಯೆಯೇ, ಬರುವುದಾದರೆ ಆ ಅಭ್ಯಾಸದ ಕ್ರಮವೇನು ಎಂಬುದನ್ನು ಈ ಲೇಖನದಲ್ಲಿ ಯಥಾಮತಿ ವಿಚಾರಿಸೋಣ.

ಒಂದು ಸ್ವಾನುಭವ

ವಿಷಯಪ್ರವೇಶಕ್ಕೆ ಮೊದಲು ನಮ್ಮದೇ ಒಂದು ತಪ್ಪನ್ನು ನಿವೇದಿಸಿಕೊಳ್ಳುವುದು ಉಚಿತ. ಕೆಲವು ವರ್ಷಗಳ ಹಿಂದೆ ಪ್ರಹ್ಲಾದಚರಿತ್ರೆಯ ಪ್ರವಚನಕ್ಕೆ ನಾವು ನಮ್ಮ ಮನೆಯ ಹತ್ತು ವರ್ಷದ ಹುಡುಗನನ್ನು ಕರೆದೊಯ್ದಿದ್ದೆವು. ಮನೆಗೆ ಬಂದು ಕೈಕಾಲು ತೊಳೆದ ಮೇಲೆ “ಇಂದು ಏನು ಕೇಳಿದೆ?” ಎಂದು ಪ್ರಶ್ನಿಸಿದೆವು. ಅವನು ತಲೆ ತಗ್ಗಿಸಿದನು. ಒಂದು ಗಂಟೆ ಕುಳಿತು ಒಂದು ಮಾತನ್ನೂ ಹೇಳಲಾರದ ಮಗುವನ್ನು ಕಂಡು ನಮಗೆ ಸಿಟ್ಟು ಬಂದಿತು, ಗದರಿಸಿದೆವು. ಒಳಗಿನಿಂದ ನಮ್ಮ ತಾಯಿಯವರು ಬಂದು, “ಅವನನ್ನ ಬೈಯೋದು ಇರಲಿ. ಆಚಾರ್ಯರು ಇವತ್ತು ಏನು ಹೇಳಿದರು ಅಂತ ನೀನೇ ಹೇಳೋ, ಕೇಳೋಣ” ಎಂದರು. ನಾವು ಹೇಳತೊಡಗಿದೆವು. ಎರಡು ವಾಕ್ಯಗಳಾದ ಮೇಲೆ ಮೂರನೆಯದು ಬರಲಿಲ್ಲ. ಪ್ರವಚನದ ಹೊತ್ತಿನಲ್ಲಿ ನಮ್ಮ ಮನಸ್ಸು ಕಚೇರಿಯ ಲೆಕ್ಕಪತ್ರದಲ್ಲಿಯೂ ಮನೆಗೆ ಮರಳುವ ಬಸ್ಸಿನಲ್ಲಿಯೂ ಇದ್ದಿತು. ಮಗು ಚಾಪೆಯ ಕಡ್ಡಿ ಕೀಳುತ್ತಿತ್ತು; ನಾವು ಕೈಮುಗಿದು ಕುಳಿತಿದ್ದೆವು. ಭೇದವಿದ್ದದ್ದು ಅಷ್ಟೆ.

ಅಂದು ನಮಗೆ ಹೊಳೆದ ಮಾತಿದು: “ಗಮನವಿಟ್ಟು ಕೇಳು” ಎಂದು ಮಗುವಿಗೆ ಸಾವಿರ ಸಲ ಹೇಳಿದ್ದೇವೆ, ಗಮನವಿಡುವುದು ಹೇಗೆಂದು ಒಂದು ಸಲವೂ ಕಲಿಸಿಲ್ಲ.

ಶ್ರವಣವೆಂದರೇನು?

ಕಿವಿಗೆ ಶಬ್ದ ಬೀಳುವುದು ಬೇರೆ, ಶ್ರವಣ ಬೇರೆ. ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಮೈತ್ರೇಯಿಗೆ ಉಪದೇಶಿಸುವಾಗ ಶ್ರವಣ, ಮನನ, ನಿದಿಧ್ಯಾಸನ ಎಂಬ ಮೂರು ಮೆಟ್ಟಿಲುಗಳನ್ನು ಕ್ರಮವಾಗಿ ಹೇಳಿದ್ದಾರೆ. ಶ್ರವಣದಿಂದ ಅಜ್ಞಾನವೂ, ಮನನದಿಂದ ಸಂಶಯ-ವಿಪರ್ಯಯಗಳೂ ನಿವೃತ್ತವಾಗುವುವೆಂಬುದು ನಮ್ಮ ಸಿದ್ಧಾಂತದಲ್ಲಿ ಪ್ರಸಿದ್ಧ. ಪ್ರಹ್ಲಾದರಾಜರು ಹೇಳಿದ ನವವಿಧಭಕ್ತಿಯಲ್ಲಿಯೂ ಶ್ರವಣವೇ ಮೊದಲನೆಯದು. ಮೊದಲ ಮೆಟ್ಟಿಲೇ ಸಡಿಲವಾದರೆ ಮೇಲಿನವು ನಿಲ್ಲುವುದೆಂತು?

ಉತ್ತಮ ಶ್ರೋತೃವಿನ ಲಕ್ಷಣವನ್ನು ಭಾಗವತದ ಪರೀಕ್ಷಿದ್ರಾಜನಲ್ಲಿ ಕಾಣಬಹುದು. ಏಳು ದಿನಗಳಷ್ಟೇ ಉಳಿದಿರುವ ಆಯುಸ್ಸಿನಲ್ಲಿ ಆತನು ಸುಮ್ಮನೆ ಕುಳಿತು ಕೇಳಲಿಲ್ಲ. ನಡುನಡುವೆ ಶುಕಾಚಾರ್ಯರನ್ನು ಪ್ರಶ್ನಿಸುತ್ತಲೇ ಕೇಳಿದನು. ಆತನ ಪ್ರಶ್ನೆಗಳಿಂದಲೇ ಕಥೆ ಮುಂದುವರಿಯಿತು. ಕೇಳುವುದೆಂದರೆ ಪಾತ್ರೆಯಂತೆ ತುಂಬಿಸಿಕೊಳ್ಳುವುದಲ್ಲ, ಒಂದು ಕೆಲಸ ಮಾಡುವುದು ಎಂಬ ತತ್ತ್ವ ಇದರಲ್ಲಿ ಅಡಗಿದೆ.

ವೇದಪಾಠದ ಪದ್ಧತಿ

ಲೋಕದಲ್ಲಿ ಶ್ರವಣಶಿಕ್ಷಣದ ಅತಿ ಪ್ರಾಚೀನವಾದ ಪದ್ಧತಿಗಳಲ್ಲೊಂದು ನಮ್ಮ ಮನೆಯಂಗಳದಲ್ಲಿಯೇ ಇದೆ. ಅದೇ ವೇದಪಾಠ. 2003ರಲ್ಲಿ ಯುನೆಸ್ಕೋ ಸಂಸ್ಥೆಯು ವೇದಪಠನ ಪರಂಪರೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಶ್ರೇಷ್ಠ ಕೃತಿಗಳಲ್ಲೊಂದೆಂದು ಘೋಷಿಸಿತು. 2008ರಲ್ಲಿ ಅದನ್ನು ಪ್ರಾತಿನಿಧಿಕ ಪಟ್ಟಿಗೆ ಸೇರಿಸಿತು. ನಾವಿಲ್ಲಿ ಗಮನಿಸಬೇಕಾದುದು ಆ ಗೌರವವನ್ನಲ್ಲ, ಅದರ ಹಿಂದಿರುವ ಪಾಠಕ್ರಮವನ್ನು.

ಸಂಥೆ ಹೇಳುವಾಗ ಗುರುಗಳು ಒಮ್ಮೆ ಹೇಳುತ್ತಾರೆ, ಶಿಷ್ಯರು ಎರಡು ಬಾರಿ ಹೇಳುತ್ತಾರೆ. ಎದುರಿಗೆ ಪುಸ್ತಕವಿಲ್ಲ. ಗುರುವಿನ ಧ್ವನಿಯೊಂದೇ ಆಧಾರ. ಕೇಳಿದ ಮರುಕ್ಷಣವೇ ತಿರುಗಿ ಒಪ್ಪಿಸಬೇಕಾದುದರಿಂದ ಮನಸ್ಸಿಗೆ ಅತ್ತಿತ್ತ ಹೋಗಲು ಅವಕಾಶ ಬಹಳ ಕಡಿಮೆ. ತಪ್ಪಿದರೆ ತಪ್ಪು ಅಲ್ಲಿಯೇ ಕೇಳಿಸುತ್ತದೆ, ಅಲ್ಲಿಯೇ ತಿದ್ದಲ್ಪಡುತ್ತದೆ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ವರ್ಣ, ಸ್ವರ, ಮಾತ್ರಾ, ಬಲ, ಸಾಮ, ಸಂತಾನ ಎಂದು ಆರು ಅಂಶಗಳನ್ನು ಎಣಿಸುತ್ತದೆ. ಅಕ್ಷರ ಯಾವುದು, ಏರಿತೇ ಇಳಿಯಿತೇ, ಎಷ್ಟು ಹೊತ್ತು ನಿಂತಿತು, ಎಷ್ಟು ಪ್ರಯತ್ನದಿಂದ ಹೊರಟಿತು, ಸಮವಾಗಿ ಸಾಗಿತೇ, ಮುಂದಿನದಕ್ಕೆ ಹೇಗೆ ಕೂಡಿತು — ಇಷ್ಟನ್ನೂ ಕಿವಿಯೇ ಹಿಡಿಯಬೇಕು. ಒಂದು ಸ್ವರ ತಪ್ಪಿದರೆ ಏನಾಗುವುದೆಂಬುದಕ್ಕೆ ತ್ವಷ್ಟೃವಿನ ಕಥೆಯೇ ಸಾಕು. ಇಂದ್ರನನ್ನು ಕೊಲ್ಲುವ ಮಗನು ಬೇಕೆಂದು ಹೋಮಮಾಡಿದ ಆತನು “ಇಂದ್ರಶತ್ರು” ಎಂಬ ಪದದ ಸ್ವರವನ್ನು ತಪ್ಪಿ ಉಚ್ಚರಿಸಿದುದರಿಂದ ಅರ್ಥವೇ ತಲೆಕೆಳಗಾಗಿ, ಹುಟ್ಟಿದ ವೃತ್ರನನ್ನು ಇಂದ್ರನೇ ಕೊಂದನು.

ಸಂಹಿತೆಯಾದ ಮೇಲೆ ಪದ, ಕ್ರಮ, ಜಟೆ, ಘನಗಳೆಂಬ ಪಾಠಗಳು ಬರುತ್ತವೆ. ಕ್ರಮಪಾಠದಲ್ಲಿ ಒಂದು-ಎರಡು, ಎರಡು-ಮೂರು ಎಂದು ಪದಗಳು ಜೋಡಿಯಾಗಿ ನಡೆಯುತ್ತವೆ. ಜಟೆಯಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಹಿಂದುಮುಂದಾಗಿ ಹೆಣೆದುಕೊಳ್ಳುತ್ತವೆ. ಘನದಲ್ಲಿ ಇದಕ್ಕೆ ಮೂರನೆಯ ಪದವೂ ಸೇರಿ, ಮೂರು ಪದಗಳ ಒಂದು ಸುತ್ತಿನಲ್ಲಿ 13 ಉಚ್ಚಾರಣೆಗಳಾಗುತ್ತವೆ. ನಿದ್ದೆಗಣ್ಣಿನಲ್ಲಿ ಸಂಹಿತೆಯನ್ನು ಒಪ್ಪಿಸಬಹುದು. ಘನವನ್ನು ಒಪ್ಪಿಸುವುದು ದುಸ್ಸಾಧ್ಯ. ಪಾಠವು ಅಭ್ಯಾಸಬಲದಿಂದ ಯಾಂತ್ರಿಕವಾಗುವ ಹೊತ್ತಿಗೆ ಅದರ ಕ್ರಮವನ್ನೇ ಬದಲಾಯಿಸಿ ಮನಸ್ಸನ್ನು ಮತ್ತೆ ಎಚ್ಚರಿಸಿದಂತಾಯಿತು.

ಪಾಣಿನೀಯಶಿಕ್ಷೆಯು ಅಧಮಪಾಠಕರನ್ನು ಎಣಿಸುವಾಗ, ಬರೆದದ್ದನ್ನು ನೋಡಿ ಓದುವವನನ್ನೂ ಅರ್ಥವರಿಯದೆ ಓದುವವನನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. ಕಿವಿಯನ್ನು ಬಿಟ್ಟವನೂ ಕೆಟ್ಟ, ಬುದ್ಧಿಯನ್ನು ಬಿಟ್ಟವನೂ ಕೆಟ್ಟ ಎಂದಾಯಿತು. ಬರಿಯ ಗಿಣಿಪಾಠವು ಶ್ರವಣದ ಗುರಿಯಲ್ಲವೆಂಬುದನ್ನು ನಾವು ಮರೆಯಬಾರದು.

ಶ್ರೀಮದಾಚಾರ್ಯರ ಚರಿತ್ರೆಯಲ್ಲಿ

ಶ್ರೀನಾರಾಯಣಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಶ್ರೀಮದಾಚಾರ್ಯರ ಬಾಲ್ಯದ ಪ್ರಸಂಗವೊಂದಿದೆ. ತಂದೆಯವರಾದ ಮಧ್ಯಗೇಹಭಟ್ಟರು ಪುರಾಣ ಹೇಳುತ್ತ ಮರಗಳ ಹೆಸರುಗಳಿಗೆ ಅರ್ಥ ಹೇಳುವಾಗ “ಲಿಕುಚ” ಎಂಬ ಒಂದು ಪದವನ್ನು ವಿವರಿಸದೆ ಮುಂದೆ ಸಾಗಿದರು. ಸಭೆಯಲ್ಲಿದ್ದವರು ಯಾರೂ ಅದನ್ನೆತ್ತಲಿಲ್ಲ. ಬಾಲಕ ವಾಸುದೇವನು ಮಾತ್ರ ಬಿಟ್ಟುಹೋದ ಆ ಪದವನ್ನು ಹಿಡಿದನು. ಆಚಾರ್ಯರ ಮಹಿಮೆ ನಮ್ಮ ಅಳತೆಗೆ ಮೀರಿದ್ದು, ನಿಜ. ಆದರೆ ಆ ಪ್ರಸಂಗದಿಂದ ನಾವು ಕಲಿಯತಕ್ಕದ್ದು ಒಂದಿದೆ: ಹೇಳಿದುದನ್ನು ಕೇಳುವವನು ಶ್ರೋತೃ, ಹೇಳದೆ ಬಿಟ್ಟದ್ದನ್ನೂ ಗುರುತಿಸುವವನು ಉತ್ತಮ ಶ್ರೋತೃ.

ಅದೇ ಕಾವ್ಯದಲ್ಲಿ ಅನುವ್ಯಾಖ್ಯಾನ ರಚನೆಯ ವೃತ್ತಾಂತವೂ ಬರುತ್ತದೆ. ತ್ರಿವಿಕ್ರಮಪಂಡಿತಾಚಾರ್ಯರ ಪ್ರಾರ್ಥನೆಯಂತೆ ಆಚಾರ್ಯರು ನಾಲ್ಕು ಅಧ್ಯಾಯಗಳನ್ನು ನಾಲ್ವರು ಶಿಷ್ಯರಿಗೆ ಏಕಕಾಲದಲ್ಲಿ ತಡೆಯಿಲ್ಲದೆ ಹೇಳಿ ಬರೆಯಿಸಿದರು. ಇದನ್ನು ಕೇಳಿದಾಗ ನಾವು ಹೇಳಿದ ಗುರುಗಳನ್ನು ಕೊಂಡಾಡುತ್ತೇವೆ, ಅದು ಸಹಜವೇ. ಬರೆದುಕೊಂಡ ಆ ನಾಲ್ವರನ್ನೂ ಒಂದು ಕ್ಷಣ ನೆನೆಯೋಣ. ಪಕ್ಕದವನಿಗೆ ಹೇಳಿದ್ದು ತನ್ನ ಕಿವಿಗೂ ಬೀಳುತ್ತಿರುವಾಗ, ಅದನ್ನು ಬದಿಗಿಟ್ಟು ತನ್ನ ಭಾಗವನ್ನಷ್ಟೇ ಆರಿಸಿಕೊಂಡು ಓಲೆಗೆ ಇಳಿಸಬೇಕಾದ ಶಿಷ್ಯನ ಏಕಾಗ್ರತೆ ಎಂತಹುದಿರಬೇಕು!

ಆಚಾರ್ಯರ ಪುಸ್ತಕಗಳನ್ನು ಹೊರುತ್ತಿದ್ದ ಎತ್ತು ಪಾಠವನ್ನು ಕೇಳಿ ಕೇಳಿ ಮುಂದೆ ಟೀಕಾರಾಯರಾಗಿ ಅವತರಿಸಿತೆಂಬ ಐತಿಹ್ಯವನ್ನು ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಮಕ್ಕಳಿಗೆ ಹೇಳುತ್ತಾರೆ. ಹೊರೆ ಹೊತ್ತೂ ಕಿವಿ ತೆರೆದಿಟ್ಟ ಆ ಶ್ರವಣವೇ ಅಲ್ಲಿ ಮುಖ್ಯವಾದ ಮಾತು.

ಆಧುನಿಕರ ಪರೀಕ್ಷೆಗಳು

ನಮ್ಮ ಹಿರಿಯರು ಅನುಷ್ಠಾನದಿಂದ ಕಂಡುಕೊಂಡುದನ್ನು ಇತ್ತೀಚಿನ ಮನೋವಿಜ್ಞಾನಿಗಳು ಪ್ರಯೋಗಗಳಿಂದ ಪರೀಕ್ಷಿಸಿದ್ದಾರೆ. ಇಂಗ್ಲೆಂಡಿನ ಕಾಲಿನ್ ಚೆರ್ರಿ ಎಂಬ ವಿದ್ವಾಂಸರು 1953ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶ್ರೋತೃವಿನ ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಕೇಳುತ್ತಿದ್ದಂತೆಯೇ ಬಾಯಲ್ಲಿ ಅನುಸರಿಸಿ ಹೇಳುವಂತೆ ಮಾಡಿದರು. ಇದು ಬಹುಮಟ್ಟಿಗೆ ನಮ್ಮ ಸಂಥೆಯ ರೀತಿಯೇ. ಹಾಗೆ ಹೇಳುತ್ತಿದ್ದವರಿಗೆ ಇನ್ನೊಂದು ಕಿವಿಯ ಧ್ವನಿ ಗಂಡಸಿನದೋ ಹೆಂಗಸಿನದೋ ಎಂಬುದು ತಿಳಿಯುತ್ತಿತ್ತು. ಅಲ್ಲಿ ಆಡಿದ ಮಾತೇನೆಂಬುದು ಮಾತ್ರ ತಿಳಿಯುತ್ತಿರಲಿಲ್ಲ. ನಡುವೆ ಭಾಷೆಯೇ ಬದಲಾದರೂ ಅವರು ಗಮನಿಸಲಿಲ್ಲ. 1959ರಲ್ಲಿ ನೆವಿಲ್ ಮೋರೇ ಎಂಬವರು, ಗಮನವಿಡದ ಕಿವಿಯಲ್ಲಿ ತಮ್ಮ ಹೆಸರು ಬಂದರೆ ಹಲವರು ಅದನ್ನು ಗುರುತಿಸುವರೆಂದು ತೋರಿಸಿದರು. ಓದುತ್ತಿರುವ ಮಗುವಿನ ಹೆಸರನ್ನು ಅಡಿಗೆಮನೆಯಿಂದ ಕೂಗಿದರೆ ಅದರ ಓದು ಏಕೆ ಮುರಿಯುವುದೆಂಬುದಕ್ಕೆ ಇದರಲ್ಲಿ ಉತ್ತರವಿದೆ. ಒಂದೇ ಕ್ಷಣದಲ್ಲಿ ಎರಡು ಮಾತುಗಳ ಅರ್ಥವನ್ನು ಪೂರ್ಣವಾಗಿ ಹಿಡಿಯುವುದು ಮನಸ್ಸಿಗೆ ಸುಲಭವಲ್ಲ. ಮೊಬೈಲ್ ಫೋನನ್ನು ಮಗ್ಗುಲಲ್ಲಿಟ್ಟು ಪಾಠ ಕೇಳುವವರು ಇದನ್ನು ಆಲೋಚಿಸಬೇಕು. ಪ್ರವಚನ ಕೇಳುವ ಹಿರಿಯರೂ ಆಲೋಚಿಸಬೇಕು.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ರಾಲ್ಫ್ ನಿಕೋಲ್ಸ್ ಎಂಬ ಪ್ರಾಧ್ಯಾಪಕರು ಶ್ರವಣವನ್ನೇ ತಮ್ಮ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡಿದ್ದರು. ಸಾಮಾನ್ಯ ಶ್ರೋತೃವಿಗೆ ಭಾಷಣ ಮುಗಿದೊಡನೆಯೇ ಅದರ ಅರ್ಧ ಭಾಗ ಮಾತ್ರ ನೆನಪಿರುವುದೆಂದೂ, ಎರಡು ತಿಂಗಳಾಗುವಾಗ ಕಾಲು ಭಾಗಕ್ಕೆ ಇಳಿಯುವುದೆಂದೂ ಅವರು 1957ರಲ್ಲಿ ವರದಿಮಾಡಿದರು. ಆಡುವ ಮಾತಿಗಿಂತ ಆಲೋಚನೆಯ ವೇಗ ಹೆಚ್ಚು. ನಡುವೆ ಉಳಿಯುವ ಬಿಡುವಿನಲ್ಲಿ ಮನಸ್ಸು ಹೊರಟುಹೋಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಆ ಬಿಡುವನ್ನು ಕೇಳಿದುದರ ಸಾರವನ್ನು ಒಳಗೇ ಹೇಳಿಕೊಳ್ಳುವುದಕ್ಕೆ ಬಳಸುವವನೇ ಒಳ್ಳೆಯ ಶ್ರೋತೃವೆಂದು ಅವರು ತಿಳಿಸಿದರು.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ಇನ್ನೊಂದು ಪರೀಕ್ಷೆ ಮಾಡಿದರು. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಒಮ್ಮೆ ಓದಿ ನೆನಪಿನಿಂದ ತಿರುಗಿ ಹೇಳಲು ಯತ್ನಿಸಿದವರು ಒಂದು ವಾರದ ಮೇಲೆ ಹೆಚ್ಚು ನೆನಪಿಟ್ಟಿದ್ದರು. ಸಂಥೆಯಲ್ಲಿಯೂ ಉರು ಒಪ್ಪಿಸುವುದರಲ್ಲಿಯೂ ಇರುವ ರಹಸ್ಯ ಇದೇ ಅಲ್ಲವೇ? ಹಿಂದಿರುಗಿಸಬೇಕೆಂದು ತಿಳಿದು ಕೇಳಿದ್ದು ನಿಲ್ಲುತ್ತದೆ. ಸುಮ್ಮನೆ ಕೇಳಿದ್ದು ಹರಿದುಹೋಗುತ್ತದೆ.

ಮನೆಯಲ್ಲಿ ಮಾಡತಕ್ಕ ಅಭ್ಯಾಸ

ಮೇಲಿನ ವಿಚಾರಗಳಿಗೆ ಅನುಸಾರವಾಗಿ ನಮ್ಮ ಮನೆಯಲ್ಲಿ ನಡೆಸಿನೋಡಿದ ಕೆಲವು ಅಭ್ಯಾಸಗಳನ್ನು ಇಲ್ಲಿ ನಿರೂಪಿಸುತ್ತೇವೆ. ದಿನಕ್ಕೆ ಹತ್ತು-ಹದಿನೈದು ನಿಮಿಷಗಳು ಸಾಕು.

1. ನಿಶ್ಶಬ್ದಶ್ರವಣ. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಒಂದು ನಿಮಿಷ ಕಣ್ಣುಮುಚ್ಚಿ ಕುಳಿತು ಕಿವಿಗೆ ಬಿದ್ದ ಶಬ್ದಗಳನ್ನೆಲ್ಲ ಎಣಿಸಲಿ. ದೇವಸ್ಥಾನದ ಗಂಟೆ, ಪಕ್ಕದ ಮನೆಯ ಕುಕ್ಕರಿನ ಸದ್ದು, ದೂರದ ಬಸ್ಸು. ಬಳಿಕ ಕೇಳಿದ ಕ್ರಮದಲ್ಲಿಯೇ ಹೇಳಲಿ. ಕಿವಿಗೆ ಬೀಳುವುದಕ್ಕೂ ಕೇಳುವುದಕ್ಕೂ ಇರುವ ಭೇದ ಇದರಿಂದ ತಾನಾಗಿ ತಿಳಿಯುತ್ತದೆ.

2. ಪಂಚಾಂಗಶ್ರವಣ. ಬೆಳಿಗ್ಗೆ ಹಿರಿಯರು ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳನ್ನು ಒಂದೇ ಬಾರಿ ಓದಿಹೇಳಲಿ. ಮಕ್ಕಳು ಕೂಡಲೆ ಒಮ್ಮೆ, ಶಾಲೆಯಿಂದ ಬಂದಮೇಲೆ ಇನ್ನೊಮ್ಮೆ ಒಪ್ಪಿಸಲಿ. ಮನಸ್ಸು ಒಮ್ಮೆಗೆ ಹಿಡಿದಿಡಬಲ್ಲದ್ದು ಸುಮಾರು ಏಳು ಅಂಶಗಳೆಂದು ಜಾರ್ಜ್ ಮಿಲ್ಲರ್ 1956ರಲ್ಲಿ ಹೇಳಿದ್ದರು; ಸುಮಾರು ನಾಲ್ಕೇ ಎಂದು ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಐದು ಅಂಗಗಳ ಪಂಚಾಂಗವು ಈ ಅಭ್ಯಾಸಕ್ಕೆ ಹೇಳಿಮಾಡಿಸಿದಂತಿದೆ.

3. ಲುಪ್ತನಾಮಗ್ರಹಣ. ಆಚಮನದಲ್ಲಿ ಹೇಳುವ ಕೇಶವಾದಿ 24 ನಾಮಗಳು ನಮ್ಮ ಮಕ್ಕಳಿಗೆ ಪರಿಚಿತ. ಹಿರಿಯರು ಅವನ್ನು ಹೇಳುವಾಗ ಬೇಕೆಂದೇ ಒಂದನ್ನು ಬಿಡಲಿ: ಕೇಶವ, ನಾರಾಯಣ, ಗೋವಿಂದ, ವಿಷ್ಣು... ಎಂದಾಗ “ಮಾಧವ ಬಿಟ್ಟುಹೋಯಿತು” ಎಂದು ಮಗು ಹಿಡಿಯಬೇಕು. ಇದು ಲಿಕುಚಪ್ರಸಂಗದಿಂದ ನಮಗೆ ದೊರೆತ ಅಭ್ಯಾಸ. ಮಕ್ಕಳಿಗೆ ಅತ್ಯಂತ ಪ್ರಿಯವಾದದ್ದೂ ಇದೇ. ಹಿರಿಯರ ತಪ್ಪು ಹಿಡಿಯುವ ಸಂತೋಷ ಯಾವ ಮಗುವಿಗೆ ಬೇಡ?

4. ಏಕೋಕ್ತಿ. ಉಕ್ತಲೇಖನ ಬರೆಯಿಸುವಾಗ ವಾಕ್ಯವನ್ನು ಸ್ಪಷ್ಟವಾಗಿ, ನಿಧಾನವಾಗಿ, ಒಮ್ಮೆ ಮಾತ್ರ ಹೇಳಬೇಕು. ಮೊದಲು ನಾಲ್ಕು ಪದಗಳ ವಾಕ್ಯ. ಬರಬರುತ್ತ ಎಂಟು, ಹತ್ತು ಪದಗಳದು. ಮನೆಯ ಕೆಲಸ ಹೇಳುವಾಗಲೂ ಇದೇ ನಿಯಮವಿರಲಿ. ನಾವು ಒಂದೇ ಮಾತನ್ನು ನಾಲ್ಕು ಬಾರಿ ಹೇಳುವುದರಿಂದ, ಮೊದಲ ಮೂರು ಬಾರಿ ಕೇಳಬೇಕಾಗಿಲ್ಲವೆಂಬ ಪಾಠವನ್ನೇ ಮಗುವಿಗೆ ಕಲಿಸುತ್ತಿದ್ದೇವೆ.

5. ಪ್ರಶ್ನಪೂರ್ವಕ ಕಥಾಶ್ರವಣ. ಕಥೆ ಹೇಳುವುದಕ್ಕೆ ಮೊದಲು ಒಂದು ಪ್ರಶ್ನೆ ಕೊಡಬೇಕು. “ಹಿರಣ್ಯಕಶಿಪು ಎಂತಹ ವರವನ್ನು ಬೇಡಿದನು? ನರಸಿಂಹನು ಅದನ್ನು ಮೀರದೆಯೇ ಅವನನ್ನು ಹೇಗೆ ಸಂಹರಿಸಿದನು? ಕೇಳಿ ಹೇಳು.” ಪ್ರಶ್ನೆಯೊಂದಿದ್ದರೆ ಕಿವಿಗೆ ಹುಡುಕುವ ಕೆಲಸ ಸಿಕ್ಕಿತು. ಕಥೆ ಮುಗಿದ ಮೇಲೆ ಮಗು ತನ್ನ ಮಾತಿನಲ್ಲಿಯೇ ಮೂರು ವಾಕ್ಯಗಳನ್ನು ಹೇಳಲಿ. ಜೊತೆಗೆ ತಾನೂ ಒಂದು ಪ್ರಶ್ನೆ ಕೇಳಲಿ. ಮರುದಿನ ಹೊಸ ಕಥೆಗೆ ಮೊದಲು ನಿನ್ನೆಯದನ್ನು ಸ್ಮರಿಸಲಿ.

ಕೆಲವು ಎಚ್ಚರಿಕೆಗಳು

ಮೊದಲನೆಯದಾಗಿ, ಗಮನವಿಲ್ಲವೆಂದು ತೀರ್ಮಾನಿಸುವ ಮುನ್ನ ಕಿವಿಯನ್ನು ಪರೀಕ್ಷೆ ಮಾಡಿಸಬೇಕು. ಹಿಂದಿನಿಂದ ಕರೆದರೆ ತಿರುಗದಿರುವುದು, “ಏನು?” ಎಂದು ಮತ್ತೆ ಮತ್ತೆ ಕೇಳುವುದು, ದೂರದರ್ಶನದ ಧ್ವನಿಯನ್ನು ಹೆಚ್ಚಿಸುವುದು ಇವೆಲ್ಲ ಶ್ರವಣದೋಷದ ಕುರುಹುಗಳಿರಬಹುದು. ಮಕ್ಕಳಲ್ಲಿ ಶೀತದ ನಂತರ ಕಿವಿಯೊಳಗೆ ನೀರು ನಿಂತು ಕೆಲಕಾಲ ಕೇಳುವಿಕೆ ಮಂದವಾಗುವುದೂ ಉಂಟು. ಕೇಳಿಸದ ಮಗುವನ್ನು ಕೇಳಲಿಲ್ಲವೆಂದು ದಂಡಿಸುವುದು ಮಹಾದೋಷ. ಸ್ವಭಾವತಃ ಚಿತ್ತ ನಿಲ್ಲದ ಮಕ್ಕಳೂ ಇರುತ್ತಾರೆ, ಅದು ಹಟವಲ್ಲ. ಅಂತಹವರಿಗೆ ವೈದ್ಯರ ಸಲಹೆಯೂ ಹೆಚ್ಚಿನ ತಾಳ್ಮೆಯೂ ಬೇಕು.

ಎರಡನೆಯದಾಗಿ, ಅತಿಯಾದ ನಿರೀಕ್ಷೆ ಸಲ್ಲದು. ಸ್ಮರಣಶಕ್ತಿಯ ವ್ಯಾಯಾಮಗಳನ್ನು ಕುರಿತ ಹಲವು ಅಧ್ಯಯನಗಳನ್ನು 2013ರಲ್ಲಿ ವಿದ್ವಾಂಸರು ಒಟ್ಟಾಗಿ ಪರಿಶೀಲಿಸಿದಾಗ, ಅಭ್ಯಾಸಮಾಡಿದ ಕೆಲಸದಲ್ಲಿ ಪ್ರಗತಿಯಿದ್ದರೂ ಅದು ಓದು, ಗಣಿತ ಮೊದಲಾದವುಗಳಿಗೆ ತಾನಾಗಿ ಹರಿಯುವುದೆಂಬುದಕ್ಕೆ ಬಲವಾದ ಆಧಾರ ಕಾಣಲಿಲ್ಲ. ಆದುದರಿಂದ 24 ನಾಮಗಳ ಆಟದಿಂದ ಗಣಿತ ಬರುವುದೆಂದು ಭ್ರಮಿಸಬಾರದು. ಶಾಲೆಯ ಪಾಠದಲ್ಲಿ ಗಮನ ಬೇಕಾದರೆ ಶಾಲೆಯ ಪಾಠವನ್ನೇ ಕೇಳಿ ತಿರುಗಿ ಹೇಳುವ ರೂಢಿಯನ್ನು ಮಾಡಿಸಬೇಕು. ಆಟವು ದಾರಿ ತೋರಿಸುತ್ತದೆ, ನಡೆಯಬೇಕಾದುದು ಪಾಠದಲ್ಲಿಯೇ.

ಮೂರನೆಯದಾಗಿ, ಮನಸ್ಸು ಹೊರಗೆ ಹೋಯಿತೆಂದು ಮಗು ಅಂಜಬಾರದು. ಚಂಚಲವಾದ ಮನಸ್ಸು ಹೊರಟಲ್ಲೆಲ್ಲ ಅದನ್ನು ಹಿಡಿದು ಮರಳಿ ತರಬೇಕೆಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಉಪದೇಶಿಸಿದ್ದಾನೆ. ಅಮೆರಿಕದ ವಿಲಿಯಂ ಜೇಮ್ಸ್ ಎಂಬ ತತ್ತ್ವಜ್ಞರೂ 1890ರ ತಮ್ಮ ಗ್ರಂಥದಲ್ಲಿ, ಅಲೆಯುವ ಗಮನವನ್ನು ಮತ್ತೆ ಮತ್ತೆ ಮರಳಿ ತರುವ ಶಕ್ತಿಯನ್ನು ಬೆಳೆಸುವ ಶಿಕ್ಷಣವೇ ಶ್ರೇಷ್ಠವೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದಾರೆ. ಹೋಗದಿರುವುದು ಏಕಾಗ್ರತೆಯಲ್ಲ, ಹೋದದ್ದನ್ನು ಕರೆತರುವುದೇ ಅದರ ಅಭ್ಯಾಸ.

ಕೊನೆಯದು ಹಿರಿಯರಿಗೆ. ಮಗು ಶಾಲೆಯ ಸುದ್ದಿ ಹೇಳಲು ಬಂದಾಗ ನಾವು ಪತ್ರಿಕೆಯಿಂದಲೋ ಮೊಬೈಲಿನಿಂದಲೋ ತಲೆಯೆತ್ತದೆ “ಹೂಂ, ಹೂಂ” ಎನ್ನುತ್ತೇವೆ. ಮಗು ಆ ಶ್ರವಣವನ್ನೇ ನಮ್ಮಿಂದ ಕಲಿಯುತ್ತದೆ. ಕೇಳಿಸಿಕೊಂಡವನೇ ಕೇಳುವುದನ್ನು ಕಲಿಯಬಲ್ಲನು.

ಉಪಸಂಹಾರ

ನಮ್ಮ ಮನೆಯಲ್ಲಿ ಈ ಅಭ್ಯಾಸ ಆರಂಭವಾಗಿ ಒಂದು ವರ್ಷ ಕಳೆದ ಮೇಲೆ ಮತ್ತೆ ಚಾತುರ್ಮಾಸ್ಯ ಬಂದಿತು. ಈ ಸಲ ಹೋಗುವಾಗಲೇ ಹುಡುಗನಿಗೆ ಒಂದು ಪ್ರಶ್ನೆ ಕೊಟ್ಟೆವು; ನಾವೂ ಒಂದನ್ನು ಇಟ್ಟುಕೊಂಡೆವು. ಅರ್ಧ ಗಂಟೆಯಾದ ಮೇಲೆ ಅವನನ್ನು ಹೊರಗೆ ಆಡಲು ಬಿಟ್ಟೆವು. ಮನೆಗೆ ಬಂದು ನಮ್ಮ ತಾಯಿಯವರ ಮುಂದೆ ಇಬ್ಬರೂ ಒಪ್ಪಿಸಿದೆವು. ಅವನು ಎರಡು ಕಡೆ ತಪ್ಪಿದನು. ನಾವು ಮರೆತಿದ್ದ ಒಂದು ಮಾತನ್ನು ನೆನಪಿಸಿದನು. ಇದು ಪವಾಡವಲ್ಲ, ಅವನು ಈಗಲೂ ಒಮ್ಮೊಮ್ಮೆ ಚಾಪೆಯ ಕಡ್ಡಿ ಕೀಳುತ್ತಾನೆ. ಆದರೆ ಕೀಳುತ್ತಿರುವುದು ಅವನಿಗೇ ತಿಳಿಯುತ್ತದೆ, ಕೈ ಹಿಂದೆಗೆಯುತ್ತಾನೆ. ಅಷ್ಟಾದರೆ ವಿದ್ಯೆ ಆರಂಭವಾಯಿತೆಂದೇ ಅರ್ಥ.

ವಾಚಕರು ಮುಂದಿನ ಪ್ರವಚನಕ್ಕೆ ಬರುವಾಗ ತಮ್ಮ ಮಕ್ಕಳಿಗೊಂದು ಪ್ರಶ್ನೆಯನ್ನೂ ತಮಗೊಂದು ಪ್ರಶ್ನೆಯನ್ನೂ ಕಟ್ಟಿಕೊಂಡು ಬರಲಿ. ಮರಳುವ ದಾರಿಯಲ್ಲಿ ಒಬ್ಬರಿಗೊಬ್ಬರು ಒಪ್ಪಿಸಲಿ ಎಂದು ಪ್ರಾರ್ಥಿಸುತ್ತೇವೆ. ಶ್ರವಣವು ಮನನಕ್ಕೂ, ಮನನವು ಧ್ಯಾನಕ್ಕೂ ದಾರಿಯಾಗುವಂತೆ ಹರಿವಾಯುಗುರುಗಳು ಎಲ್ಲರನ್ನೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.